ಕಿತ್ತೂರಿನ ಎಕ್ಸ್‌ಚೇಂಜಿನಿಂದ ಪಂಚಾಯತಿಯ ಪೆಟ್ಟಿಗೆಯವರೆಗೆ: ಫರ್ಮ್‌ವೇರ್ ವಿಭಜನೆಯ ಇತಿಹಾಸ

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲೂಕುಗಳ ಹಳ್ಳಿಗಳಿಗೆ ಇಂಟರ್‌ನೆಟ್ ತಲುಪಿಸುವ ಮೋಡೆಮ್ ಮತ್ತು ರೌಟರ್‌ಗಳು ಹೊರನೋಟಕ್ಕೆ ನಾಲ್ಕಾರು ದೀಪಗಳು ಮಿನುಗುವ ಪ್ಲಾಸ್ಟಿಕ್ ಪೆಟ್ಟಿಗೆಗಳಾದರೂ ಪ್ರತಿಯೊಂದರ ಒಳಗೂ ಒಂದು ಪೂರ್ಣ ಗಣಕಯಂತ್ರವಿದ್ದು, ಅದನ್ನು ನಡೆಸುವ ತಂತ್ರಾಂಶವೆಲ್ಲ ಸಾಮಾನ್ಯವಾಗಿ ಒಂದೇ ಒಂದು ಮೆಮೊರಿ ಚಿಪ್‌ನಲ್ಲಿ ಅಡಗಿರುತ್ತದೆ. ಕರೆಂಟು ಹೋದರೂ ಅಳಿಯದಂತೆ ಚಿಪ್‌ನಲ್ಲಿ ಬರೆದಿಟ್ಟ ಇಂಥ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದೂ, ಅದನ್ನು ವಿದ್ಯುತ್ತಿನಿಂದಲೇ ಅಳಿಸಿ ಮತ್ತೆ ಬರೆಯಲು ಬರುವ ಚಿಪ್‌ಗೆ ಫ್ಲ್ಯಾಶ್ ಮೆಮೊರಿ ಎಂದೂ ಹೆಸರು. ತಯಾರಕರು ಕೊಡುವ ಫರ್ಮ್‌ವೇರ್ ಒಂದೇ ಕಡತವಾಗಿ ಬಂದರೂ ಚಿಪ್‌ನೊಳಗೆ ಅದು ಒಂದಾಗಿ ಉಳಿಯುವುದಿಲ್ಲ. ಯಂತ್ರವನ್ನು ಎಬ್ಬಿಸುವ ಭಾಗ, ಅದನ್ನು ಆಳುವ ಭಾಗ, ಬಳಕೆದಾರನ ಪಾಸ್‌ವರ್ಡು ಮೊದಲಾದವನ್ನು ಕಾಪಾಡುವ ಭಾಗ ಎಂದು ಅದು ಹಂಚಿಹೋಗುತ್ತದೆ, ಮತ್ತು ಹೀಗೆ ಹಂಚಿದ ಪ್ರತಿ ತುಂಡಿಗೆ ಪಾರ್ಟಿಷನ್ ಎನ್ನುತ್ತಾರೆ. ಈ ಹಂಚಿಕೆ ಈಗಿನ ರೂಪಕ್ಕೆ ಬಂದದ್ದನ್ನು ಎಂಜಿನಿಯರುಗಳ ಜಾಣ್ಮೆಯ ಕತೆಯಾಗಿ ಹೇಳುವುದು ವಾಡಿಕೆ. ಹಳ್ಳಿಯ ಕಡೆಯಿಂದ ನೋಡಿದರೆ ಅದರ ಹಿಂದೆ ಇನ್ನೂ ಸರಳವಾದ ಒಂದು ಪ್ರಶ್ನೆ ಕಾಣುತ್ತದೆ: ಪೆಟ್ಟಿಗೆಯೊಳಗಿನ ತಂತ್ರಾಂಶ ಬದಲಾಗಬೇಕಾದಾಗ ಅಥವಾ ಕೆಟ್ಟಾಗ ಅಲ್ಲಿಗೆ ಯಾರು ಹೋಗಬೇಕು?

ಈ ಪ್ರಶ್ನೆ ಈ ಸೀಮೆಯಲ್ಲಿ ಮೊದಲು ಎದ್ದದ್ದು ಇಂಟರ್‌ನೆಟ್ಟಿಗಿಂತ ಬಹಳ ಮುಂಚೆ, ಟೆಲಿಫೋನಿನ ಕಾಲದಲ್ಲಿ. 1980ರ ದಶಕದ ಆರಂಭದವರೆಗೂ ಹಳ್ಳಿಗಾಡಿನ ಫೋನು ಎಂದರೆ ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುವ ವ್ಯವಹಾರವಾಗಿತ್ತು; ಪಟ್ಟಣಗಳ ಸ್ವಯಂಚಾಲಿತ ಎಕ್ಸ್‌ಚೇಂಜುಗಳಲ್ಲಿ ಬಹುಪಾಲು ಸ್ಟ್ರೌಜರ್ ಮಾದರಿಯವಾಗಿದ್ದು, ಡಯಲ್ ತಿರುಗಿಸಿದಂತೆ ಲೋಹದ ಸ್ವಿಚ್ಚುಗಳು ಮೇಲೇರಿ ಪಕ್ಕಕ್ಕೆ ಸರಿದು ಸಂಪರ್ಕ ಕಲ್ಪಿಸುವ ಆ ಯಂತ್ರಗಳಲ್ಲಿ ತಂತ್ರಾಂಶ ಎಂಬುದೇ ಇರಲಿಲ್ಲ. ಧೂಳು ಹೊಕ್ಕರೆ ಸ್ವಿಚ್ಚು ಕೆಡುತ್ತಿತ್ತು, ಒರೆಸಿ ಎಣ್ಣೆ ಹಾಕಿದರೆ ಸರಿಹೋಗುತ್ತಿತ್ತು. ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು ಎಂಬುದೇ ಆ ಯಂತ್ರಗಳ ದೊಡ್ಡ ಗುಣ.

1984ರ ಆಗಸ್ಟಿನಲ್ಲಿ ಭಾರತ ಸರ್ಕಾರ ಸಿ-ಡಾಟ್ ಎಂಬ ದೂರಸಂಪರ್ಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿತು. ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ, ಜಿ. ಬಿ. ಮೀಮಾಂಸಿ ಅವರಂಥ ಅಧಿಕಾರಿಗಳ ಮುಂದಾಳತ್ವದಲ್ಲಿ ದಿಲ್ಲಿ ಮತ್ತು ಬೆಂಗಳೂರುಗಳಲ್ಲಿ ಕೆಲಸ ಆರಂಭಿಸಿದ ಈ ಸಂಸ್ಥೆ 36 ತಿಂಗಳಲ್ಲಿ, 36 ಕೋಟಿ ರೂಪಾಯಿಯಲ್ಲಿ ದೇಶೀಯ ಡಿಜಿಟಲ್ ಎಕ್ಸ್‌ಚೇಂಜನ್ನು ರೂಪಿಸುವ ಗುರಿ ಇಟ್ಟುಕೊಂಡಿತ್ತು. ಅದರ ಮೊದಲ ಫಲಗಳಲ್ಲಿ ಒಂದು ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದು ರ‍್ಯಾಕ್ಸ್ ಎಂದೇ ಪ್ರಸಿದ್ಧವಾಯಿತು. ಚಂದಾದಾರರ ತಂತಿಗಳನ್ನೂ ಹೊರಗಿನ ಎಕ್ಸ್‌ಚೇಂಜುಗಳಿಗೆ ಹೋಗುವ ತಂತಿಗಳನ್ನೂ ಸೇರಿಸಿ 128 ಪೋರ್ಟುಗಳಿದ್ದ ಈ ಯಂತ್ರ ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ಬಿಸಿಲು ಧೂಳುಗಳ ನಡುವೆ ಕೆಲಸ ಮಾಡಬೇಕೆಂಬ ಷರತ್ತಿನ ಮೇಲೆಯೇ ವಿನ್ಯಾಸಗೊಂಡಿತ್ತು. ವಿದೇಶಿ ಡಿಜಿಟಲ್ ಎಕ್ಸ್‌ಚೇಂಜುಗಳು ತಂಪು ಕೋಣೆ ಕೇಳುತ್ತಿದ್ದ ಕಾಲದಲ್ಲಿ ಈ ಷರತ್ತು ಸಣ್ಣದಾಗಿರಲಿಲ್ಲ. ಮೊದಲ ರ‍್ಯಾಕ್ಸ್ 1986ರ ಜುಲೈಯಲ್ಲಿ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು. ರಾಣಿ ಚೆನ್ನಮ್ಮನ ಕಿತ್ತೂರು ಬೆಳಗಾವಿ ಜಿಲ್ಲೆಗೆ ಸೇರಿದ್ದಾದರೂ ಧಾರವಾಡದಿಂದ ಅದು ಸುಮಾರು 30 ಕಿಲೋಮೀಟರ್ ದೂರ, ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲೇ ಇದೆ. ಹಾಗಾಗಿ ಉತ್ತರ ಕರ್ನಾಟಕದ ಹಳ್ಳಿಗಾಡಿಗೆ ತಂತ್ರಾಂಶದಿಂದ ನಡೆಯುವ ದೂರಸಂಪರ್ಕ ಯಂತ್ರ ಕಾಲಿಟ್ಟದ್ದು ಕಿತ್ತೂರಿನಿಂದ ಎಂದು ಲೆಕ್ಕ ಹಿಡಿಯುವುದು ನ್ಯಾಯವೇ ಸರಿ.

ಮೈಕ್ರೊಪ್ರೊಸೆಸರ್ ಆಳುತ್ತಿದ್ದ ಆ ಕಾಲದ ಸಣ್ಣ ಯಂತ್ರಗಳ ತಂತ್ರಾಂಶ ಇರುತ್ತಿದ್ದುದು ಇ-ಪ್ರಾಮ್ ಎಂಬ ಚಿಪ್‌ಗಳಲ್ಲಿ. 1971ರಲ್ಲಿ ಇಂಟೆಲ್ ಕಂಪನಿಯಲ್ಲಿ ಡೊವ್ ಫ್ರೋಮನ್ ರೂಪಿಸಿದ ಈ ಚಿಪ್‌ನ ನೆತ್ತಿಯ ಮೇಲೆ ಸ್ಫಟಿಕದ ಒಂದು ಪುಟ್ಟ ಕಿಟಕಿ ಇರುತ್ತದೆ. ಅದರ ಮೂಲಕ ನೇರಳಾತೀತ ಬೆಳಕನ್ನು ಹತ್ತಿಪ್ಪತ್ತು ನಿಮಿಷ ಹಾಯಿಸಿದರೆ ಒಳಗಿನ ಬರಹವೆಲ್ಲ ಒಟ್ಟಿಗೆ ಅಳಿದುಹೋಗಿ, ಆಮೇಲೆ ಪ್ರೋಗ್ರಾಮರ್ ಎಂಬ ಉಪಕರಣದಲ್ಲಿಟ್ಟು ಹೊಸದನ್ನು ಬರೆಯಬಹುದು. ಬಿಸಿಲು ತಗುಲಿ ತಾನಾಗಿ ಅಳಿಯದಿರಲೆಂದು ಕಿಟಕಿಯ ಮೇಲೆ ಚೀಟಿ ಅಂಟಿಸುತ್ತಿದ್ದರು, ಮತ್ತು ತಂತ್ರಾಂಶದ ಆವೃತ್ತಿಯ ಸಂಖ್ಯೆಯನ್ನು ಬರೆಯುತ್ತಿದ್ದುದು ಅದೇ ಚೀಟಿಯ ಮೇಲೆ. ತಂತ್ರಾಂಶದಲ್ಲಿ ತಪ್ಪು ಸಿಕ್ಕರೆ ಹೊಸ ಚಿಪ್‌ಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಒಬ್ಬ ನೌಕರ ಬಸ್ಸು ಹತ್ತಬೇಕು. ಕಾರ್ಡು ಕಿತ್ತು, ಹಳೆಯ ಚಿಪ್‌ನ ಕಾಲುಗಳು ಸೊಟ್ಟಗಾಗದಂತೆ ಅದನ್ನು ಸಾಕೆಟ್ಟಿನಿಂದ ಎಬ್ಬಿಸಿ, ಹೊಸದನ್ನು ಕೂರಿಸಿ ಬರಬೇಕು. ಹೀಗಿರುವಾಗ ವಿಭಜನೆ ಎಂಬುದು ತಂತ್ರಾಂಶದ ಪ್ರಶ್ನೆಯೇ ಆಗಿರಲಿಲ್ಲ. ಅಳಿಸಬಾರದ್ದು ಒಂದು ಚಿಪ್‌ನಲ್ಲಿ, ದಿನವೂ ಬದಲಾಗುವ ಲೆಕ್ಕ ಇನ್ನೊಂದು ಬಗೆಯ ಚಿಪ್‌ನಲ್ಲಿ ಇರುತ್ತಿದ್ದುದರಿಂದ ಎರಡರ ನಡುವಿನ ಗಡಿ ಕೈಯಲ್ಲಿ ಹಿಡಿದು ತೋರಿಸಬಹುದಾದ ಗಡಿಯಾಗಿತ್ತು.

ಆ ಗಡಿಯನ್ನು ಅಳಿಸಿದ್ದು ಫ್ಲ್ಯಾಶ್ ಮೆಮೊರಿ. ಜಪಾನಿನ ತೊಷಿಬಾ ಕಂಪನಿಯ ಫುಜಿಯೊ ಮಸುವೊಕಾ 1984ರಲ್ಲಿ, ಸಿ-ಡಾಟ್ ಹುಟ್ಟಿದ ವರ್ಷದಲ್ಲೇ, ಇದನ್ನು ಜಗತ್ತಿನ ಮುಂದಿಟ್ಟರು. 1988ರಲ್ಲಿ ಇಂಟೆಲ್ ಇದರ ನಾರ್ ಎಂಬ ಬಗೆಯನ್ನು ಮಾರುಕಟ್ಟೆಗೆ ತಂದಿತು. ಫ್ಲ್ಯಾಶ್ ಚಿಪ್‌ಗೆ ಕಿಟಕಿ ಬೇಡ, ಅದನ್ನು ಸಾಕೆಟ್ಟಿನಿಂದ ಕೀಳುವುದೂ ಬೇಡ, ಯಂತ್ರ ತನ್ನ ಮೆಮೊರಿಯನ್ನು ತಾನೇ ಅಳಿಸಿ ಬರೆದುಕೊಳ್ಳಬಲ್ಲದು. ಆದರೆ ಇದರ ಸ್ವಭಾವದಲ್ಲಿ ಒಂದು ವಕ್ರತೆ ಇದೆ. ಬರೆಯುವುದನ್ನು ಒಂದೊಂದೇ ಬೈಟಿನಂತೆ ಬರೆಯಬಹುದಾದರೂ ಅಳಿಸುವುದನ್ನು ಮಾತ್ರ ಇಡೀ ಬ್ಲಾಕಿನ ಲೆಕ್ಕದಲ್ಲೇ ಮಾಡಬೇಕು. ರೌಟರ್‌ಗಳಲ್ಲಿ ಬಳಕೆಯಾದ ನಾರ್ ಚಿಪ್‌ಗಳಲ್ಲಿ ಒಂದು ಬ್ಲಾಕ್ ಸಾಮಾನ್ಯವಾಗಿ 64 ಕಿಲೋಬೈಟ್. ಒಂದೇ ಬ್ಲಾಕಿನಲ್ಲಿ ಪಾಸ್‌ವರ್ಡೂ ಯಂತ್ರವನ್ನು ಎಬ್ಬಿಸುವ ತಂತ್ರಾಂಶವೂ ಇದ್ದರೆ, ಪಾಸ್‌ವರ್ಡು ಬದಲಿಸಲು ಹೋದಾಗ ಎರಡೂ ಒಂದು ಕ್ಷಣ ಅಳಿದಿರುತ್ತವೆ, ಮತ್ತು ಸರಿಯಾಗಿ ಆ ಕ್ಷಣಕ್ಕೆ ಕರೆಂಟು ಹೋದರೆ ಪೆಟ್ಟಿಗೆ ಮತ್ತೆ ಏಳುವುದಿಲ್ಲ. ಫ್ಲ್ಯಾಶ್ ವಿಭಜನೆಯ ಮೊದಲ ನಿಯಮ ಇಲ್ಲಿಂದ ಹುಟ್ಟಿತು: ಬೇರೆ ಬೇರೆ ಆಯುಷ್ಯದ ವಸ್ತುಗಳು ಬೇರೆ ಬೇರೆ ಬ್ಲಾಕುಗಳಲ್ಲಿರಬೇಕು, ಪಾರ್ಟಿಷನ್ನಿನ ಗಡಿ ಬ್ಲಾಕಿನ ಗಡಿಯ ಮೇಲೆಯೇ ಬೀಳಬೇಕು.

ಈ ಗಡಿಗಳು ಎಲ್ಲಿ ದಾಖಲಾಗಿರುತ್ತವೆ ಎಂಬುದು ಇತಿಹಾಸದ ದೃಷ್ಟಿಯಿಂದ ಇನ್ನೂ ಸ್ವಾರಸ್ಯದ ಪ್ರಶ್ನೆ. ಗಣಕಯಂತ್ರದ ಹಾರ್ಡ್‌ಡಿಸ್ಕಿನಲ್ಲಿ ಪಾರ್ಟಿಷನ್‌ಗಳ ಪಟ್ಟಿ ಡಿಸ್ಕಿನ ಮೇಲೆಯೇ ಬರೆದಿರುತ್ತದೆ. ರೌಟರ್‌ನ ಫ್ಲ್ಯಾಶ್‌ನಲ್ಲಿ ಹೆಚ್ಚಾಗಿ ಅಂಥ ಪಟ್ಟಿಯೇ ಇರುವುದಿಲ್ಲ. ಧಾರವಾಡ ಸೀಮೆಯ ಓದುಗರಿಗೆ ಇದನ್ನು ಪೋಡಿಯ ಉದಾಹರಣೆಯಿಂದ ತಿಳಿಸಬಹುದು. 19ನೆಯ ಶತಮಾನದ ನಡುವಿನಲ್ಲಿ ಮುಂಬಯಿ ಪ್ರಾಂತದ ಮೋಜಣಿ ಈ ಜಿಲ್ಲೆಗೆ ಬಂದಂದಿನಿಂದ ಹೊಲಕ್ಕೆ ಸರ್ವೆ ನಂಬರು ಇದೆ. ಅಣ್ಣತಮ್ಮಂದಿರು ಪಾಲಾದಾಗ ಮೋಜಣಿದಾರರು ಪೋಡಿ ಮಾಡಿ ಹಿಸ್ಸಾ ನಂಬರು ಹಾಕುತ್ತಾರೆ, ಆದರೆ ನವಲಗುಂದದ ಎರೆಹೊಲದಲ್ಲಿ ನಿಂತು ನೋಡಿದವನಿಗೆ ಎಷ್ಟೋ ಸಲ ಒಂದೇ ಕಪ್ಪು ನೆಲ ಕಾಣುತ್ತದೆಯೇ ಹೊರತು ಹಿಸ್ಸೆಯ ಗೆರೆ ಕಾಣುವುದಿಲ್ಲ, ಗೆರೆ ಇರುವುದು ಕಚೇರಿಯ ನಕ್ಷೆಯಲ್ಲಿ. ಫ್ಲ್ಯಾಶ್ ಚಿಪ್ ಕೂಡ ಒಂದೇ ನೆಲ, ಅದರ ನಕ್ಷೆ ಇರುವುದು ಅದನ್ನು ಆಳುವ ತಂತ್ರಾಂಶದಲ್ಲಿ.

ಆ ನಕ್ಷೆಯನ್ನು ಓದುವ ಸಾಮಾನ್ಯ ಪದ್ಧತಿ ರೂಪುಗೊಂಡದ್ದು ಲಿನಕ್ಸ್‌ನಲ್ಲಿ. ಯಾರು ಬೇಕಾದರೂ ನೋಡಿ ತಿದ್ದಬಹುದಾದ ಈ ಕಾರ್ಯನಿರ್ವಹಣಾ ತಂತ್ರಾಂಶದ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಕಳೆದ ಶತಮಾನದ ಕೊನೆಯಲ್ಲಿ ಡೇವಿಡ್ ವುಡ್‌ಹೌಸ್ ಮುಂದಾಳತ್ವದಲ್ಲಿ ಅದಕ್ಕೆ ಎಂ.ಟಿ.ಡಿ. ಎಂಬ ಪದರ ಸೇರಿತು, ಮತ್ತು ಬಗೆಬಗೆಯ ಫ್ಲ್ಯಾಶ್ ಚಿಪ್‌ಗಳನ್ನು ಒಂದೇ ರೀತಿಯಲ್ಲಿ ಓದಲು, ಅಳಿಸಲು, ಪಾರ್ಟಿಷನ್‌ಗಳಾಗಿ ಕಾಣಲು ಅದು ದಾರಿ ಮಾಡಿತು. 1999ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿ ಫ್ಲ್ಯಾಶ್‌ಗೆಂದೇ ಜೆ.ಎಫ್.ಎಫ್.ಎಸ್. ಎಂಬ ಕಡತ ವ್ಯವಸ್ಥೆಯನ್ನು ಬರೆಯಿತು, 2001ರಲ್ಲಿ ವುಡ್‌ಹೌಸ್ ಅದರ ಎರಡನೆಯ ರೂಪವನ್ನು ತಂದರು, 2002ರಲ್ಲಿ ಫಿಲಿಪ್ ಲೌಗರ್ ಅವರ ಸ್ಕ್ವಾಶ್‌ಎಫ್‌ಎಸ್ ಬಂದಿತು. ಈ ಕೊನೆಯದು ಕಡತಗಳನ್ನು ಬಿಗಿಯಾಗಿ ಹಿಂಡಿ ಇಡುತ್ತದೆ, ಆದರೆ ಒಮ್ಮೆ ಕಟ್ಟಿದ ಮೇಲೆ ಅದರೊಳಗೆ ಏನನ್ನೂ ತಿದ್ದಲು ಬರುವುದಿಲ್ಲ.

ಕತೆಯ ತಿರುವು ಅಮೆರಿಕದ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯು.ಆರ್.ಟಿ. 54ಜಿ ಎಂಬ ರೌಟರ್. 2002ರ ಕೊನೆಗೆ ಮಾರಾಟಕ್ಕೆ ಬಂದ ಈ ನೀಲಿ ಕಪ್ಪು ಪೆಟ್ಟಿಗೆಯೊಳಗೆ ಲಿನಕ್ಸ್ ಇದೆಯೆಂಬುದನ್ನು ಕಂಪನಿ ಹೇಳಿರಲಿಲ್ಲ. 2003ರ ಜೂನ್‌ನಲ್ಲಿ ಆಂಡ್ರ್ಯೂ ಮಿಕ್ಲಾಸ್ ಎಂಬುವರು ಇದನ್ನು ಬಯಲಿಗೆಳೆದು, ಲಿನಕ್ಸ್‌ನ ಪರವಾನಗಿಯ ಪ್ರಕಾರ ಮೂಲ ಬರಹವನ್ನು ಕಂಪನಿ ಬಿಡುಗಡೆ ಮಾಡಬೇಕೆಂದು ವಾದಿಸಿದರು. ಒತ್ತಡ ಹೆಚ್ಚಿ ಕಂಪನಿ ಅದನ್ನು ಕೊಡಬೇಕಾಯಿತು. ಆ ಬರಹವನ್ನು ಆಧರಿಸಿ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಸ್ವತಂತ್ರ ಫರ್ಮ್‌ವೇರ್ ಹುಟ್ಟಿತು, ಮತ್ತು ಫ್ಲ್ಯಾಶ್ ವಿಭಜನೆಯ ಕಲೆ ಕಂಪನಿಗಳ ಗೋಡೆಯಿಂದಾಚೆಗೆ ಎಲ್ಲರೂ ಓದಬಹುದಾದ ವಿದ್ಯೆಯಾಯಿತು.

ಆ ರೌಟರ್‌ನ ಆರಂಭದ ಮಾದರಿಗಳಲ್ಲಿ ಇದ್ದ ಫ್ಲ್ಯಾಶ್ 4 ಮೆಗಾಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅಷ್ಟು ಜಾಗ ತಿನ್ನುತ್ತದೆ. ಅದರ ಮೊದಲ 256 ಕಿಲೋಬೈಟ್ ಬೂಟ್‌ಲೋಡರ್‌ಗೆ, ಅಂದರೆ ಕರೆಂಟು ಬಂದೊಡನೆ ಎದ್ದು ಕರ್ನಲ್ಲನ್ನು ಹುಡುಕಿ ಎಬ್ಬಿಸುವ ಪುಟ್ಟ ತಂತ್ರಾಂಶಕ್ಕೆ ಮೀಸಲು; ಕೊನೆಯ ಬ್ಲಾಕು ಸೆಟ್ಟಿಂಗುಗಳನ್ನು ಇಡುವ ಎನ್‌ವಿ-ರ‍್ಯಾಮ್‌ಗೆ; ನಡುವೆ ಉಳಿದದ್ದರಲ್ಲಿ ಟಿ.ಆರ್.ಎಕ್ಸ್. ಎಂಬ ಕಟ್ಟಿನಲ್ಲಿ ಕರ್ನಲ್ಲೂ ಕಡತ ವ್ಯವಸ್ಥೆಯೂ ಇರುತ್ತಿದ್ದವು. ಕಟ್ಟಿನ ತಲೆಯಲ್ಲಿ 28 ಬೈಟುಗಳ ಒಂದು ತಲೆಬರಹ: ಗುರುತಿನ ನಾಲ್ಕು ಅಕ್ಷರ, ಒಟ್ಟು ಉದ್ದ, ಬರಹ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ, ಆವೃತ್ತಿಯ ವಿವರ, ಆಮೇಲೆ ಒಳಗಿನ ಮೂರು ತುಂಡುಗಳು ಎಲ್ಲೆಲ್ಲಿ ಶುರುವಾಗುತ್ತವೆಂಬ ಮೂರು ಸಂಖ್ಯೆಗಳು. ಕರ್ನಲ್ ಏಳುವಾಗ ಈ ತಲೆಬರಹವನ್ನು ಓದಿ ತನ್ನ ಗಡಿಯನ್ನು ತಾನೇ ಗೊತ್ತುಮಾಡಿಕೊಳ್ಳುತ್ತದೆ. ಫರ್ಮ್‌ವೇರ್ ಬದಲಾದರೆ ಗಡಿಯೂ ಸರಿಯುತ್ತದೆ, ನಕ್ಷೆಯನ್ನು ಯಾರೂ ತಿದ್ದಬೇಕಿಲ್ಲ.

ಎಲ್ಲ ಕಂಪನಿಗಳೂ ಇಷ್ಟು ಜಾಣತನ ತೋರಲಿಲ್ಲ. ಭಾರತದ ಅಂಗಡಿಗಳಲ್ಲಿ ವರ್ಷಗಟ್ಟಲೆ ಧಾರಾಳವಾಗಿ ಮಾರಾಟವಾದ ಟಿಪಿ-ಲಿಂಕ್‌ನ 740 ಮತ್ತು 841 ಸರಣಿಯ ರೌಟರ್‌ಗಳಲ್ಲೂ ಹೆಚ್ಚಿನವಕ್ಕೆ ಇದ್ದದ್ದು ಅದೇ 4 ಮೆಗಾಬೈಟ್, ಅಂದರೆ 64 ಕಿಲೋಬೈಟಿನ 64 ಬ್ಲಾಕುಗಳು. ಕಂಪನಿಯ ಮೂಲ ನಕ್ಷೆಯಲ್ಲಿ ಮೊದಲ 2 ಬ್ಲಾಕು ಬೂಟ್‌ಲೋಡರ್‌ಗೆ, ಮುಂದಿನ 16 ಕರ್ನಲ್‌ಗೆ, 44 ಕಡತ ವ್ಯವಸ್ಥೆಗೆ, 1 ಸೆಟ್ಟಿಂಗಿಗೆ, ಕಡೆಯ 1 ಆರ್ಟ್ ಎಂಬ ಪಾರ್ಟಿಷನ್ನಿಗೆ. ಗೆರೆಗಳು ಸ್ಥಿರ. ಕರ್ನಲ್‌ಗೆ ಒಂದು ಮೆಗಾಬೈಟ್ ಎಂದು ಗೆರೆ ಎಳೆದಾಗ ಅಷ್ಟು ಸಾಕಾಗಿತ್ತು; ಆದರೆ ಲಿನಕ್ಸ್ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋದಂತೆ ಹೊಸ ಕರ್ನಲ್ ಎಷ್ಟು ಹಿಂಡಿದರೂ ಆ 16 ಬ್ಲಾಕುಗಳಲ್ಲಿ ಹಿಡಿಸದಾಯಿತು, ಪಕ್ಕದ 44ರಲ್ಲಿ ಜಾಗ ಖಾಲಿ ಇದ್ದರೂ ಗೆರೆ ದಾಟುವಂತಿರಲಿಲ್ಲ. 2010ರ ದಶಕದ ಆರಂಭದಲ್ಲಿ ಓಪನ್‌ಡಬ್ಲ್ಯುಆರ್‌ಟಿಯವರು ಈ ಕಟ್ಟನ್ನು ಬಿಡಿಸಿದರು: ಬೂಟ್‌ಲೋಡರ್ ಮತ್ತು ಆರ್ಟ್ ಎರಡನ್ನೂ ಮುಟ್ಟದೆ, ನಡುವಿನ 61 ಬ್ಲಾಕುಗಳನ್ನು, ಅಂದರೆ 3904 ಕಿಲೋಬೈಟನ್ನು, ಒಟ್ಟಾಗಿ ಫರ್ಮ್‌ವೇರ್ ಎಂಬ ಒಂದೇ ಪಾರ್ಟಿಷನ್ ಎಂದು ಪರಿಗಣಿಸಿ, ಅದರೊಳಗಿನ ಹಂಚಿಕೆಯನ್ನು ಪ್ರತಿ ಸಲ ಯಂತ್ರ ಏಳುವಾಗ ಲೆಕ್ಕ ಹಾಕುವ ಪದ್ಧತಿಯನ್ನು ಬಳಕೆಗೆ ತಂದರು.

ಆ ಲೆಕ್ಕದ ಕ್ರಮ ನೋಡಬೇಕಾದದ್ದು. ಕರ್ನಲ್ ಮೊದಲು ಫರ್ಮ್‌ವೇರ್ ಪಾರ್ಟಿಷನ್ನಿನ ಆರಂಭದಲ್ಲಿರುವ ತಲೆಬರಹವನ್ನು ಓದಿ ತನ್ನ ಉದ್ದ ಎಷ್ಟೆಂದು ತಿಳಿಯುತ್ತದೆ, ತಾನು ಮುಗಿಯುವಲ್ಲಿಂದ ಮುಂದೆ ಸ್ಕ್ವಾಶ್‌ಎಫ್‌ಎಸ್‌ನ ಗುರುತಿನ ನಾಲ್ಕು ಅಕ್ಷರಗಳನ್ನು ಹುಡುಕುತ್ತದೆ, ಸಿಕ್ಕಲ್ಲಿಗೆ ಎರಡನೆಯ ಪಾರ್ಟಿಷನ್ನಿನ ಗೆರೆ ಎಳೆಯುತ್ತದೆ. ಸ್ಕ್ವಾಶ್‌ಎಫ್‌ಎಸ್ ತನ್ನ ತಲೆಯಲ್ಲಿ ತಾನೆಷ್ಟು ಬೈಟುಗಳನ್ನು ತುಂಬಿದ್ದೇನೆಂದು ಬರೆದುಕೊಂಡಿರುತ್ತದೆ. ಆ ಸಂಖ್ಯೆಯನ್ನು ಮುಂದಿನ ಬ್ಲಾಕಿನ ಗಡಿಗೆ ಏರಿಸಿ ಅಲ್ಲಿಂದ ಕೊನೆಯವರೆಗೆ ಉಳಿದ ನೆಲವೆಲ್ಲ ಮೂರನೆಯ ಪಾರ್ಟಿಷನ್ ಆಗುತ್ತದೆ. ತಿದ್ದಲು ಬಾರದ ಸ್ಕ್ವಾಶ್‌ಎಫ್‌ಎಸ್‌ನ ಮೇಲೆ ತಿದ್ದಬಹುದಾದ ಈ ಮೂರನೆಯದನ್ನು ಹೊದಿಸಿದಾಗ ಬಳಕೆದಾರನಿಗೆ ಎರಡೂ ಸೇರಿ ಒಂದೇ ಆಗಿ ಕಾಣುತ್ತವೆ, ಮತ್ತು ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದಾಗ ಅಳಿಯುವುದು ಮೇಲಿನ ಹೊದಿಕೆ ಮಾತ್ರ. ಹೊಸದಾಗಿ ಬರೆದ ಫರ್ಮ್‌ವೇರ್‌ನಲ್ಲಿ ಕಡತ ವ್ಯವಸ್ಥೆ ಇಲ್ಲಿಗೆ ಮುಗಿಯಿತು, ಮುಂದಿನದನ್ನು ಅಳಿಸಿ ಬಳಸಿಕೊಳ್ಳಬಹುದು ಎಂದು ತಿಳಿಸಲು ನಾಲ್ಕು ಬೈಟಿನ ಒಂದು ಗುರುತನ್ನೂ ಇಡುತ್ತಾರೆ. ಗ್ರಾಹಕ ಸಹಾಯವಾಣಿಯವರು ಮೊದಲು ರೀಸೆಟ್ ಮಾಡಿ ನೋಡಿ ಎಂದು ಹೇಳುವ ಮಾತಿಗೆ ಬೇಸರಪಡುವವರು ಬಹಳ ಜನ. ಆ ಸಲಹೆ ಫಲ ಕೊಡುವುದು ಕಾರ್ಖಾನೆಯ ಫರ್ಮ್‌ವೇರನ್ನೂ ಬಳಕೆದಾರನ ಸೆಟ್ಟಿಂಗುಗಳನ್ನೂ ಬೇರೆ ಬೇರೆ ಬ್ಲಾಕುಗಳಲ್ಲಿ ಇಟ್ಟಿರುವುದರಿಂದ.

ಕೊನೆಯ ಆ ಒಂದು ಬ್ಲಾಕಿನ ವಿಷಯ ಬೇರೆಯೇ. ಆರ್ಟ್ ಎಂಬುದರಲ್ಲಿ ಇರುವುದು ಆ ಪೆಟ್ಟಿಗೆಯ ರೇಡಿಯೊ ಭಾಗವನ್ನು ಕಾರ್ಖಾನೆಯಲ್ಲಿ ಪರೀಕ್ಷಿಸಿ ಹೊಂದಿಸಿದಾಗ ಸಿಕ್ಕ ಅಂಕಿಗಳು. ಒಂದೇ ಸಾಲಿನಲ್ಲಿ ತಯಾರಾದ ಎರಡು ರೌಟರ್‌ಗಳ ಅಂಕಿಗಳೂ ಒಂದೇ ಆಗಿರುವುದಿಲ್ಲ, ಕಂಪನಿಯ ಜಾಲತಾಣದಲ್ಲೂ ಅವು ಸಿಗುವುದಿಲ್ಲ. ಫರ್ಮ್‌ವೇರ್ ಅಳಿದರೆ ಮತ್ತೆ ತರಬಹುದು, ಈ 64 ಕಿಲೋಬೈಟ್ ಅಳಿದರೆ ವೈ-ಫೈ ಮತ್ತೆ ಮೊದಲಿನಂತಾಗುವುದು ಕಷ್ಟ. ಇಡೀ ಚಿಪ್‌ನಲ್ಲಿ ನಿಜವಾಗಿ ಬೆಲೆಯುಳ್ಳ ಜಾಗ ಇದೊಂದೇ ಎಂದರೂ ನಡೆಯುತ್ತದೆ.

ಈ ವಿದ್ಯೆ ಹೊರದೇಶಗಳಲ್ಲಿ ಬೆಳೆಯುತ್ತಿದ್ದ ಹೊತ್ತಿಗೆ ಸರಿಯಾಗಿ ಧಾರವಾಡ ಸೀಮೆಗೂ ಪೆಟ್ಟಿಗೆಗಳು ಬರತೊಡಗಿದವು. 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗಕ್ಕೆ ಬ್ರಾಡ್‌ಬ್ಯಾಂಡ್ ಎಂಬ ಹೆಸರು ಕೊಟ್ಟಿತು, 2005ರ ಜನವರಿ 14ರಂದು ಬಿ.ಎಸ್.ಎನ್.ಎಲ್. ಡೇಟಾ-ಒನ್ ಸೇವೆಯನ್ನು ಆರಂಭಿಸಿತು. ಫೋನಿನ ತಾಮ್ರದ ತಂತಿಯಲ್ಲೇ ಇಂಟರ್‌ನೆಟ್ಟನ್ನು ಹಾಯಿಸುವ ಎ.ಡಿ.ಎಸ್.ಎಲ್. ಪದ್ಧತಿ ಅದರದ್ದು, ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಸಂಕೇತ ಸೊರಗುವುದರಿಂದ ಅದು ಮೂಲತಃ ಪೇಟೆಯ ಸೇವೆ. ಊರುಗಳು ದೂರ ದೂರ ಬಿದ್ದಿರುವ ನವಲಗುಂದ, ಅಣ್ಣಿಗೇರಿಯ ಬಯಲಿನಲ್ಲಿ ಈ ಮಿತಿ ಬಹಳ ಕಾಡುವಂಥದ್ದು. ಮೊರಬ, ಶಲವಡಿ, ಸಂಶಿಗಳಂಥ ದೊಡ್ಡ ಊರುಗಳಿಗೂ ಸುತ್ತಲಿನ ಹಳ್ಳಿಗಳಿಗೂ ನಡುವೆ ಹೊಲವೇ ಹೊಲ, ಮತ್ತು ಆ ಹೊಲ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುವ ಎರೆ. ಹಿಗ್ಗಿ ಕುಗ್ಗುವ ಇಂಥ ನೆಲದಲ್ಲಿ ಹೂತ ಕೇಬಲ್ಲಿನ ಜೋಡುಗಳಿಗೆ ನೆಮ್ಮದಿ ಕಡಿಮೆ. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಕಡೆ ಮಣ್ಣಿನ ಬದಲು ಮಳೆ ಮತ್ತು ಗಿಡಮರ.

ಆ ಮೋಡೆಮ್‌ಗಳು ಬಾಡಿಗೆಗೋ ಕ್ರಯಕ್ಕೋ ಮನೆ ಸೇರಿದ ಮೇಲೆ ಅವುಗಳ ಫರ್ಮ್‌ವೇರ್ ಬದಲಿಸುವ ಗೋಜಿಗೆ ಸಾಮಾನ್ಯ ಬಳಕೆದಾರರು ಹೋಗುತ್ತಿರಲಿಲ್ಲ. ಅವುಗಳನ್ನು ಕಂಪನಿ ದೂರದಿಂದಲೇ ನಿರ್ವಹಿಸಲೆಂದು ಟಿ.ಆರ್.-069 ಎಂಬ ಶಿಷ್ಟಾಚಾರ ರೂಪುಗೊಂಡಿತ್ತು. ಇ-ಪ್ರಾಮ್ ಹೊತ್ತು ಬಸ್ಸು ಹತ್ತುವವನ ಕೆಲಸವನ್ನು ತಂತಿಯ ಮೂಲಕವೇ ಮುಗಿಸುವುದು ಅದರ ಉದ್ದೇಶ. ಆದರೆ ದೂರದಿಂದ ರಿಪೇರಿ ಮಾಡಲು ತೆರೆದ ಬಾಗಿಲಿನಿಂದ ಯಾರು ಬೇಕಾದರೂ ಬರಬಹುದೆಂಬುದು 2017ರಲ್ಲಿ ಬಯಲಾಯಿತು. ಆ ವರ್ಷದ ಏಪ್ರಿಲ್‌ನಲ್ಲಿ ರ‍್ಯಾಡ್‌ವೇರ್ ಎಂಬ ಭದ್ರತಾ ಕಂಪನಿ ಬ್ರಿಕರ್‌ಬಾಟ್ ಎಂಬ ದುಷ್ಟ ತಂತ್ರಾಂಶವನ್ನು ಗುರುತಿಸಿತ್ತು; ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದ ಪೆಟ್ಟಿಗೆಗಳೊಳಗೆ ನುಗ್ಗಿ, ಎಂ.ಟಿ.ಡಿ. ತೋರಿಸುವ ಪಾರ್ಟಿಷನ್‌ಗಳ ಮೇಲೆ ಒಂದೊಂದಾಗಿ ಅರ್ಥವಿಲ್ಲದ ಅಂಕಿಗಳನ್ನು ತುಂಬಿ ಪೆಟ್ಟಿಗೆಯನ್ನು ಕೊಲ್ಲುವುದೇ ಅದರ ಕೆಲಸ. ಜುಲೈ ಕೊನೆಯ ವಾರದಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ಹಲವೆಡೆ ಬಿ.ಎಸ್.ಎನ್.ಎಲ್. ಗ್ರಾಹಕರ ಮೋಡೆಮ್‌ಗಳು ಸಾಮೂಹಿಕವಾಗಿ ಸ್ತಬ್ಧವಾದವು. 60,000ಕ್ಕೂ ಹೆಚ್ಚು ಪೆಟ್ಟಿಗೆಗಳು ಬಾಧಿತವಾದವೆಂದು ವರದಿಯಾಯಿತು, ಬ್ರಿಕರ್‌ಬಾಟ್‌ನ ಕರ್ತೃ ಎನ್ನಿಸಿಕೊಂಡವನು ಅದು ತನ್ನದೇ ಕೆಲಸವೆಂದು ಹೇಳಿಕೊಂಡನು, ಅಡ್ಮಿನ್ ಎಂಬ ಕಾರ್ಖಾನೆಯ ಪಾಸ್‌ವರ್ಡನ್ನು ಕೂಡಲೇ ಬದಲಿಸಿಕೊಳ್ಳುವಂತೆ ಸಂಸ್ಥೆ ಗ್ರಾಹಕರಿಗೆ ತಿಳಿಸಿತು.

ಇಂಥ ದಾಳಿಯಲ್ಲಿ ಪೆಟ್ಟಿಗೆ ಬದುಕುವುದು ಸಾಯುವುದು ಯಾವ ಗೆರೆಯ ಆಚೆ ಹಾನಿಯಾಯಿತು ಎಂಬುದರ ಮೇಲೆ ನಿಂತಿರುತ್ತದೆ. ಸೆಟ್ಟಿಂಗಿನ ಪಾರ್ಟಿಷನ್ ಮಾತ್ರ ಕೆಟ್ಟಿದ್ದರೆ ಪಿನ್ನಿನ ತುದಿಯಿಂದ ರೀಸೆಟ್ ಒತ್ತಿದರೆ ಸಾಕು. ಕರ್ನಲ್ ಕೆಟ್ಟಿದ್ದರೆ, ಬೂಟ್‌ಲೋಡರ್ ಎಚ್ಚರಾದ ಮೊದಲ ಕೆಲವು ಸೆಕೆಂಡುಗಳಲ್ಲಿ ಲ್ಯಾಪ್‌ಟಾಪಿನಿಂದ ತಂತಿಯ ಮೂಲಕ ಹೊಸ ಫರ್ಮ್‌ವೇರ್ ಕಳಿಸಬೇಕು. ಬೂಟ್‌ಲೋಡರೇ ಹೋಗಿದ್ದರೆ ಪೆಟ್ಟಿಗೆ ಬಿಚ್ಚಿ, ಎಂಟು ಕಾಲಿನ ಫ್ಲ್ಯಾಶ್ ಚಿಪ್‌ಗೆ ಕ್ಲಿಪ್ಪು ಕಚ್ಚಿಸಿ, ಯುಎಸ್‌ಬಿ ಪ್ರೋಗ್ರಾಮರ್‌ನಿಂದ ಬರೆಯುವುದೊಂದೇ ದಾರಿ, ಅಂದರೆ ಕಿತ್ತೂರಿನ ಕಾಲದ ಇ-ಪ್ರಾಮ್ ಕೆಲಸಕ್ಕೆ ಮರಳಿದಂತೆ. ಅಂಥ ಕೆಲಸ ಬಲ್ಲವರು ಸಿಗುವುದು ಹುಬ್ಬಳ್ಳಿಯಂಥ ಪೇಟೆಯಲ್ಲಿ. ಹಳ್ಳಿಯ ಪೆಟ್ಟಿಗೆ ಡೆಡ್ ಆಯಿತೆಂದು ಅಟ್ಟ ಸೇರುವುದೇ ಹೆಚ್ಚು. ಬೂಟ್‌ಲೋಡರ್‌ನ ಪಾರ್ಟಿಷನ್ನನ್ನು ಓದಲು ಮಾತ್ರ ಎಂದು ನಕ್ಷೆಯಲ್ಲಿ ಗುರುತಿಸಿದ ರೌಟರ್‌ಗಳಿದ್ದವು, ಗುರುತಿಸದವೂ ಇದ್ದವು. ಒಂದು ಸಾಲಿನ ಈ ಉದಾಸೀನಕ್ಕೆ ಬೆಲೆ ತೆರುವವನು ಅದನ್ನು ಬರೆದ ಎಂಜಿನಿಯರ್ ಆಗಿರಲಿಲ್ಲ.

ಇಷ್ಟರಲ್ಲಿ ಹಳ್ಳಿಯ ಇಂಟರ್‌ನೆಟ್ಟಿನ ದಾರಿ ತಾಮ್ರದಿಂದ ಗಾಜಿನ ಎಳೆಗೆ ಹೊರಳಿತ್ತು. 2011ರ ಅಕ್ಟೋಬರ್‌ನಲ್ಲಿ ಮಂಜೂರಾದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲದ ಯೋಜನೆ, ಮುಂದೆ ಭಾರತ್‌ನೆಟ್ ಎಂದು ಹೆಸರು ಪಡೆದದ್ದು, ತಾಲೂಕು ಕೇಂದ್ರಗಳಿಂದ ಗ್ರಾಮ ಪಂಚಾಯತಿಗಳಿಗೆ ಫೈಬರ್ ಎಳೆಯುವ ಕೆಲಸವನ್ನು ಹಿಡಿಯಿತು. ಇದರ ಜಿ-ಪಾನ್ ಪದ್ಧತಿಯಲ್ಲಿ ತಾಲೂಕಿನ ಎಕ್ಸ್‌ಚೇಂಜಿನಲ್ಲಿ ಒ.ಎಲ್.ಟಿ. ಎಂಬ ತಾಯಿ ಯಂತ್ರವೂ ಪಂಚಾಯತಿಯಲ್ಲಿ ಒ.ಎನ್.ಟಿ. ಎಂಬ ಪೆಟ್ಟಿಗೆಯೂ ಇದ್ದು, ನಡುವಿನ ಇಪ್ಪತ್ತು ಕಿಲೋಮೀಟರಿನವರೆಗಿನ ದಾರಿಯಲ್ಲಿ ಕರೆಂಟು ಬೇಕಾದ ಯಾವ ಉಪಕರಣವೂ ಇರುವುದಿಲ್ಲ. ಯೋಜನೆಗೆ ದೇಶೀಯ ಜಿ-ಪಾನ್ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಿ ತಯಾರಕರಿಗೆ ವರ್ಗಾಯಿಸಿದ್ದು ಕಿತ್ತೂರಿನ ರ‍್ಯಾಕ್ಸ್ ರೂಪಿಸಿದ ಅದೇ ಸಿ-ಡಾಟ್. ಕಿತ್ತೂರಿಗೆ ತಂಪು ಕೋಣೆ ಬೇಡದ ಯಂತ್ರ ಕೊಟ್ಟಂತೆ ಪಂಚಾಯತಿಗೆ ಸೌರಫಲಕ ಮತ್ತು ಬ್ಯಾಟರಿ ಜೊತೆಯಾದ ಒ.ಎನ್.ಟಿ.ಯನ್ನು ಕೊಟ್ಟದ್ದು ಅದರ ಹಳೆಯ ಅಭ್ಯಾಸದ ಮುಂದುವರಿಕೆ. ಕರೆಂಟು ಇದ್ದೇ ಇರುತ್ತದೆ ಎಂದು ನಂಬಿ ವಿನ್ಯಾಸ ಮಾಡಿದವರ ಯಂತ್ರ ಹಳ್ಳಿಯಲ್ಲಿ ಬಾಳುವುದಿಲ್ಲವೆಂಬ ತಿಳುವಳಿಕೆ ಅದರ ಹಿಂದಿದೆ.

ಒ.ಎನ್.ಟಿ.ಯ ಫ್ಲ್ಯಾಶ್ ಹಂಚಿಕೆಯಲ್ಲೂ ಅದೇ ಎಚ್ಚರ ಕಾಣುತ್ತದೆ, ಆದರೆ ಇಲ್ಲಿ ಅದು ಒಂದು ಕಂಪನಿಯ ಇಷ್ಟಾನಿಷ್ಟಕ್ಕೆ ಬಿಟ್ಟದ್ದಲ್ಲ. ಜಿ-ಪಾನ್ ಪೆಟ್ಟಿಗೆಗಳನ್ನು ತಾಯಿ ಯಂತ್ರದಿಂದ ನಿರ್ವಹಿಸುವ ಕ್ರಮವನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.988 ಶಿಫಾರಸು, ತಂತ್ರಾಂಶವಿರುವ ಪೆಟ್ಟಿಗೆಯಲ್ಲಿ ಫರ್ಮ್‌ವೇರ್‌ನ ಎರಡು ಪ್ರತಿಗಳನ್ನು, ಸೊನ್ನೆ ಮತ್ತು ಒಂದು ಎಂಬ ಸಂಖ್ಯೆಯವನ್ನು, ಇಡುವ ಏರ್ಪಾಡನ್ನು ವಿವರಿಸುತ್ತದೆ. ಓಡುತ್ತಿರುವ ಪ್ರತಿಯನ್ನು ಮುಟ್ಟದೆ ಹೊಸದನ್ನು ಇನ್ನೊಂದರ ಜಾಗದಲ್ಲಿ ಬರೆಯುವುದು, ಬರೆದದ್ದು ಸರಿಯಿದೆಯೇ ಎಂದು ತಾಳೆ ನೋಡುವುದು, ಆಮೇಲೆ ಅದರಿಂದ ಎಬ್ಬಿಸಿ ನೋಡುವುದು, ನೆಟ್ಟಗೆ ಎದ್ದರೆ ಮಾತ್ರ ಮುಂದಿನ ಸಲವೂ ಅದರಿಂದಲೇ ಏಳಬೇಕೆಂದು ಖಾಯಂ ಮಾಡುವುದು ಎಂಬ ನಾಲ್ಕು ಹೆಜ್ಜೆಗಳಲ್ಲಿ ಯಾವ ಹೆಜ್ಜೆಯಲ್ಲಿ ಕರೆಂಟು ಹೋದರೂ ಪೆಟ್ಟಿಗೆ ಹಳೆಯ ಪ್ರತಿಯಿಂದ ಮತ್ತೆ ಏಳುತ್ತದೆ. 4 ಮೆಗಾಬೈಟಿನ ಕಾಲದಲ್ಲಿ ಇದು ಕನಸು. ಒಂದೇ ಪ್ರತಿಗೆ ಜಾಗವಿಲ್ಲದಲ್ಲಿ ಎರಡನೆಯದಕ್ಕೆ ಎಲ್ಲಿಂದ ತರುವುದು? ಫ್ಲ್ಯಾಶ್ ಅಗ್ಗವಾದ ಮೇಲೆ ಅರ್ಧ ಚಿಪ್ಪನ್ನು ಬರಬಹುದಾದ ಅಪಾಯಕ್ಕೆಂದು ಮೀಸಲಿಡುವುದು ದುಂದು ಎನಿಸಲಿಲ್ಲ. ಕಲಘಟಗಿಯ ಕಾಡಂಚಿನ ಪಂಚಾಯತಿಗೆ ಎಂಜಿನಿಯರ್ ಒಬ್ಬ ಜೀಪಿನಲ್ಲಿ ಹೋಗಿಬರುವ ಒಂದು ದಿನದ ಖರ್ಚಿನ ಮುಂದೆ ಕೆಲವು ಮೆಗಾಬೈಟಿನ ಬೆಲೆ ಏನೂ ಅಲ್ಲ. ಫೈಬರ್ ಕಡಿದಾಗ, ಬ್ಯಾಟರಿ ಸತ್ತಾಗ ಆ ಪ್ರಯಾಣ ಈಗಲೂ ತಪ್ಪುವುದಿಲ್ಲ ಎಂಬುದು ಬೇರೆ ಮಾತು. ರಸ್ತೆ ಅಗೆಯುವ ಜೆಸಿಬಿಗೆ ಪಾರ್ಟಿಷನ್ನಿನ ಮರ್ಯಾದೆ ಇಲ್ಲ.

ಹೊಸ ಪೆಟ್ಟಿಗೆಗಳಲ್ಲಿ ನಾರ್‌ನ ಜಾಗಕ್ಕೆ ನ್ಯಾಂಡ್ ಎಂಬ ಇನ್ನೊಂದು ಬಗೆಯ ಫ್ಲ್ಯಾಶ್ ಹೆಚ್ಚಾಗಿ ಬರುತ್ತಿದೆ. ಇದೂ ಮಸುವೊಕಾ ಅವರ ತಂಡದ್ದೇ, 1987ರದ್ದು. ಅಗ್ಗ, ವಿಶಾಲ, ಆದರೆ ಕಾರ್ಖಾನೆಯಿಂದ ಬರುವಾಗಲೇ ಕೆಲವು ಬ್ಲಾಕುಗಳು ಕೆಟ್ಟಿರಬಹುದು, ಬಳಸಿದಂತೆ ಇನ್ನಷ್ಟು ಕೆಡುತ್ತವೆ. ಇಂತಿಷ್ಟನೆಯ ಬ್ಲಾಕಿನಿಂದ ಇಂತಿಷ್ಟರವರೆಗೆ ಎಂಬ ಸ್ಥಿರ ಗೆರೆ ಇಂಥ ನೆಲದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಯು.ಬಿ.ಐ. ಎಂಬ ಪದರವೊಂದು ನಡುವೆ ನಿಂತು, ಕೆಟ್ಟ ಬ್ಲಾಕನ್ನು ಬಿಟ್ಟು ಒಳ್ಳೆಯದನ್ನು ಹುಡುಕಿ ಕೊಡುತ್ತ, ಎಲ್ಲ ಬ್ಲಾಕುಗಳೂ ಸಮನಾಗಿ ಸವೆಯುವಂತೆ ನೋಡಿಕೊಳ್ಳುತ್ತದೆ. ಪಾರ್ಟಿಷನ್ನಿನ ಬದಲು ಅಲ್ಲಿ ವಾಲ್ಯೂಮ್ ಎಂಬ ಹೆಸರು ಇರುತ್ತದೆ, ಅದು ಚಿಪ್‌ನಲ್ಲಿ ಯಾವ ಜಾಗದಲ್ಲಿದೆ ಎಂಬುದು ದಿನದಿಂದ ದಿನಕ್ಕೆ ಬದಲಾಗಬಹುದು. 4 ಮೆಗಾಬೈಟಿನ ರೌಟರ್‌ಗಳನ್ನು ಓಪನ್‌ಡಬ್ಲ್ಯುಆರ್‌ಟಿ ತನ್ನ 19.07 ಸರಣಿಯ ನಂತರ ಕೈಬಿಟ್ಟಿತು. ಆದರೂ ಅಂಥ ಪೆಟ್ಟಿಗೆಗಳು ತಾಲೂಕು ಊರುಗಳ ಅಂಗಡಿ ಮನೆಗಳಿಂದ ಪೂರ್ತಿ ಮಾಯವಾಗಿಲ್ಲ, ಮತ್ತು ರಿಪೇರಿಗೆ ಬಂದ ಒಂದರ ಚಿಪ್‌ಗೆ ಅದೇ ಮಾದರಿಯ ಇನ್ನೊಂದರ ಇಡೀ ಬರಹವನ್ನು ನಕಲು ಹೊಡೆಯುವ ಸುಲಭದ ದಾರಿಯೂ ಹೋಗಿಲ್ಲ. ಹಾಗೆ ಮಾಡಿದಾಗ ಇನ್ನೊಂದರ ಆರ್ಟ್ ಬ್ಲಾಕೂ ಅದರ ಜಾಲ ವಿಳಾಸವೂ ಜೊತೆಗೇ ಬಂದು, ಪೆಟ್ಟಿಗೆ ಎದ್ದರೂ ಅದರ ವೈ-ಫೈ ಅಂಕಿಗಳು ಅದರವಾಗಿರುವುದಿಲ್ಲ. ಬಲ್ಲ ರಿಪೇರಿಯವರು ಮೊದಲು ಹಳೆಯ ಚಿಪ್‌ನ ಪೂರ್ತಿ ಬರಹವನ್ನು ಓದಿ ಉಳಿಸಿಕೊಂಡು, ಕೊನೆಯ 64 ಕಿಲೋಬೈಟನ್ನು ಅದರಿಂದಲೇ ತೆಗೆದು ಹೊಸದರ ಬಾಲಕ್ಕೆ ಸೇರಿಸಿ ಬರೆಯುತ್ತಾರೆ.